ನೀರಡಿಕೆಯ ಮಾತು: ಡಯಾಲಿಸಿಸ್‌ನಲ್ಲಿರುವ ಒಬ್ಬ ವಿಶ್ವಾಸಿಯ ಪ್ರಕರಣ

ಇದನ್ನು ಸಭಾಪಾಲಕರಿಗೆ, ಸಭೆಯ ಹಿರಿಯರಿಗೆ, ಆಸ್ಪತ್ರೆಯಲ್ಲಿ ರೋಗಿಗಳ ಪಕ್ಕ ಕೂರುವ ಎಲ್ಲರಿಗೂ ಬರೆಯುತ್ತಿದ್ದೇನೆ. ನಮ್ಮ ಸಭೆಯ ಒಬ್ಬ ಅಕ್ಕನ ಕಥೆ ಇದು. ಅವರ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಗುರುತು ಸಿಗಬಾರದು ಅಂತ ಊರು, ಮನೆತನ, ಕೆಲಸದ ಕೆಲವು ವಿವರ ಬದಲಿಸಿದ್ದೇನೆ. ಎಲ್ಲರೂ ಅವರನ್ನು ಟೀಚರಮ್ಮ ಅಂತಾರೆ, ನಾನೂ ಹಾಗೇ ಕರೆಯುತ್ತೇನೆ. ಕರಡನ್ನು ಅವರೇ ಓದಿದರು. ಎರಡು ಕಡೆ ಪೆನ್ಸಿಲ್‌ನಲ್ಲಿ ಗೆರೆ ಹೊಡೆದರು. ಆ ಎರಡು ಗೆರೆಗಳಿಂದ ನಾನು ಬಹಳ ಕಲಿತೆ.

ಹಿನ್ನೆಲೆ

ಉತ್ತರ ಕರ್ನಾಟಕದ ಒಂದು ತಾಲೂಕು ಊರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದು, ಮೂರು ವರ್ಷದ ನಂತರ ಧಾರವಾಡಕ್ಕೆ ಬಂದರಲ್ಲ, ಅಲ್ಲಿಂದ ಈ ಕಡೆ ಹಬ್ಬಿದ ಹಳೆಯ ಸಭೆಗಳಲ್ಲಿ ನಮ್ಮದೂ ಒಂದು. ಈಗ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ. ಅರವತ್ತು ಮನೆಗಳಿಲ್ಲ. ದೇವಾಲಯಕ್ಕೆ ಇನ್ನೂ ಮಂಗಳೂರು ಹೆಂಚೇ ಇದೆ. ಒಬ್ಬರ ಮನೆಯಲ್ಲಿ ಕೆಮ್ಮಿದರೆ ಇನ್ನೊಬ್ಬರ ಮನೆಗೆ ಕೇಳುವಂಥ ಸಭೆ.

ಟೀಚರಮ್ಮನಿಗೆ ಆಗ 41 ವರ್ಷ. ಪ್ರಾಥಮಿಕ ಶಾಲೆಯಲ್ಲಿ ಕೆಲಸ. ಭಾನುವಾರ ಸಂಡೇ ಸ್ಕೂಲ್, ಅದೂ 18 ವರ್ಷದಿಂದ. ಊರಿನ ಅರ್ಧ ಹುಡುಗರಿಗೆ ದಾವೀದ, ಗೊಲ್ಯಾತನ ಕಥೆ ಹೇಳಿಕೊಟ್ಟವರು ಇವರೇ. ಗಂಡ, ಅತ್ತೆ, ಇಬ್ಬರು ಮಕ್ಕಳು. ಬಹಳ ವರ್ಷದಿಂದ ಬಿಪಿ ಇತ್ತು, ಸರಿಯಾಗಿ ತೋರಿಸಿಕೊಂಡಿರಲಿಲ್ಲ. ತಲೆನೋವು ಬಂದಾಗಲೆಲ್ಲ ಅಂಗಡಿಯ ನೋವಿನ ಮಾತ್ರೆ ನುಂಗುತ್ತಿದ್ದರು.

2021ರ ಜುಲೈನಲ್ಲಿ ಕಾಲು ಬಾತುಕೊಂಡಿತು, ಊಟ ಸೇರದಾಯಿತು. ಕೋವಿಡ್ ಬಂದು ಹೋದ ಸುಸ್ತು ಅಂದುಕೊಂಡರು. ರಾತ್ರಿ ಮಲಗಿದರೆ ಉಸಿರು ಕಟ್ಟತೊಡಗಿದ ಮೇಲೆ ಆಸ್ಪತ್ರೆಗೆ ಹೋದರು. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಒಂದರ ಆಸುಪಾಸು ಇರಬೇಕು, ಅದು ಹನ್ನೊಂದು ದಾಟಿತ್ತು. ಎರಡೂ ಕಿಡ್ನಿ ಹೋಗಿದ್ದವು.

ಮೊದಲು ಕುತ್ತಿಗೆಗೆ ಪೈಪು ಹಾಕಿ ಡಯಾಲಿಸಿಸ್, ಅಂದರೆ ಮಶೀನಿನಿಂದ ರಕ್ತ ಶುದ್ಧ ಮಾಡುವುದು, ಮಾಡಿದರು. ಆಮೇಲೆ ಎಡಗೈಯಲ್ಲಿ ಫಿಸ್ಟುಲಾ ಮಾಡಿದರು. ಅಂದರೆ ಶುದ್ಧ ರಕ್ತದ ನಾಳವನ್ನು ಪಕ್ಕದ ಅಶುದ್ಧ ರಕ್ತದ ನಾಳಕ್ಕೆ ಜೋಡಿಸುವುದು. ಕೆಲವು ವಾರದಲ್ಲಿ ಆ ಎರಡನೆಯ ನಾಳ ಉಬ್ಬಿ ದಪ್ಪಗಾಗುತ್ತದೆ, ಸೂಜಿ ಚುಚ್ಚಲು ಸಿಗುತ್ತದೆ. ಅದರ ಮೇಲೆ ಬೆರಳಿಟ್ಟರೆ ಸಣ್ಣಗೆ ಅದುರುವುದು ಗೊತ್ತಾಗುತ್ತದೆ. ಅವರ ಚಿಕ್ಕ ಮಗ ಅಮ್ಮನ ಕೈಗೆ ಕಿವಿ ಹಚ್ಚಿ, "ಅಮ್ಮ, ಒಳಗ ಗಿರಣಿ ಓಡಾಕತ್ತೈತಿ" ಅಂದಿದ್ದನಂತೆ.

ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಬೆಳಿಗ್ಗೆ ಆರಕ್ಕೆ ಸರದಿ. ಪ್ರತಿ ಸಲ ನಾಲ್ಕು ತಾಸು. ಆಸ್ಪತ್ರೆ 34 ಕಿಲೋಮೀಟರ್ ದೂರ. ಸರ್ಕಾರದ ಯೋಜನೆಯಿಂದ ಡಯಾಲಿಸಿಸ್‌ಗೆ ದುಡ್ಡು ಕೊಡಬೇಕಿರಲಿಲ್ಲ. ಆದರೆ ಓಡಾಟ, ಮಾತ್ರೆ, ಇಂಜೆಕ್ಷನ್ ಅಂತ ಸಂಬಳ ಕರಗುತ್ತಿತ್ತು.

ಎಲ್ಲಕ್ಕಿಂತ ಕಷ್ಟ ನೀರಿನದು. ಮೂತ್ರ ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಕುಡಿದ ನೀರೆಲ್ಲ ಮುಂದಿನ ಸರದಿಯವರೆಗೆ ಮೈಯಲ್ಲೇ ನಿಲ್ಲುತ್ತದೆ, ಜಾಸ್ತಿಯಾದರೆ ಪುಪ್ಪುಸಕ್ಕೆ ಹೋಗುತ್ತದೆ. ದಿನಕ್ಕೆ 700 ಎಂಎಲ್ ಅಂದರು ಡಾಕ್ಟರು. ಚಹಾ, ಸಾರು, ಮಜ್ಜಿಗೆ, ಮಾತ್ರೆ ನುಂಗುವ ಗುಟುಕು, ಎಲ್ಲ ಸೇರಿ 700. ನಮ್ಮ ಕಡೆ ಏಪ್ರಿಲ್ ಬಿಸಿಲು ಕಂಡವರಿಗೆ ಇದು ಎಂಥ ಶಿಕ್ಷೆ ಅಂತ ಬೇರೆ ಹೇಳಬೇಕಿಲ್ಲ.

ಸಮಸ್ಯೆ

ರೋಗ ಒಂದು ಕಡೆ. ನಾನು ಬರೆಯಬೇಕು ಅಂತ ಕೂತದ್ದು ಇನ್ನೊಂದರ ಬಗ್ಗೆ. "ಇದು ಯಾಕೆ ಬಂತು" ಅನ್ನೋ ಪ್ರಶ್ನೆಗೆ ಎಲ್ಲರ ಹತ್ತಿರವೂ ಉತ್ತರ ಇತ್ತು.

ಕೆಲವರು ಮನೆಗೆ ಬಂದು, ಹಿರಿಯರ ಕಾಲದ ಯಾವುದಾದರೂ ಪಾಪ ಒಪ್ಪಿಕೊಳ್ಳದೆ ಉಳಿದಿದೆಯಾ ನೋಡಿ ಅಂದರು. ಕೆಲವರು ಇದು ಶೋಧನೆ, ದೇವರು ಪ್ರೀತಿಸುವವರನ್ನೇ ಬೆಂಕಿಯಲ್ಲಿ ಹಾಕುತ್ತಾನೆ ಅಂದರು. ಟೀಚರಮ್ಮ ಸ್ವತಃ ಇನ್ನೊಂದು ಉತ್ತರ ಹಿಡಿದುಕೊಂಡಿದ್ದರು. "ನಾನೇ ಮಾಡಿಕೊಂಡೆ. ಆ ಗುಳಿಗಿ ನುಂಗಿ ನುಂಗಿ ನಾನೇ ಮಾಡಿಕೊಂಡೆ."

ಮತ್ತೆ ನನ್ನ ಉತ್ತರ. ಮೂರನೆಯ ಸಲ ಮನೆಗೆ ಭೇಟಿ ಕೊಟ್ಟಾಗ ರೋಮಾಪುರದವರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯ ಓದಿದೆ. ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಹಿತಕ್ಕಾಗಿಯೇ ಆಗುತ್ತದೆ ಅನ್ನುವ ಭಾಗ. ಓದಿ ಮುಗಿಸಿ, "ಇದರಲ್ಲಿ ದೇವರಿಗೆ ಏನೋ ಒಂದು ಉದ್ದೇಶ ಇದೆ ಟೀಚರಮ್ಮ, ಈಗ ನಮಗೆ ಕಾಣಲ್ಲ ಅಷ್ಟೆ" ಅಂದೆ. ಪ್ರಾರ್ಥನೆ ಮಾಡಿದೆ. ಅವರು ಎದ್ದು ಒಳಗೆ ಹೋಗಿ ಚಹಾ ತಂದರು. ನಾನು ಕುಡಿದು ಎದ್ದು ಬಂದೆ.

ಆ ಮಾತನ್ನು ನಾನು ಪೂರ್ಣ ನಂಬಿಯೇ ಹೇಳಿದ್ದೆ. ಆ ವಚನವನ್ನು ಇವತ್ತಿಗೂ ನಂಬುತ್ತೇನೆ. ಆದರೆ ಅದಾದ ಮುಂದಿನ ಭಾನುವಾರದಿಂದ ಟೀಚರಮ್ಮ ಆರಾಧನೆಗೆ ಬರುವುದನ್ನು ಬಿಟ್ಟರು. ಸುಸ್ತು ಅಂತ ಗಂಡ ಹೇಳಿದರು. ನಾನೂ ಹಾಗೇ ಅಂದುಕೊಂಡೆ. ನಿಜ ಗೊತ್ತಾಗಲು ಒಂದು ವರ್ಷ ಬೇಕಾಯಿತು. "ಆವತ್ತು ನೀವು ಉದ್ದೇಶದ ಮಾತು ಹೇಳೂವಾಗ ನಾನು ನಿಮ್ಮ ಕಪ್ಪನ್ನ ನೋಡಾಕತ್ತಿದ್ದೆ ಅಯ್ಯನೋರ. ಅಷ್ಟೂ ಕುಡದ್ರಿ. ನನಗ ಆವತ್ತು ಇನ್ನ ನೂರಾ ಇಪ್ಪತ್ತು ಎಂಎಲ್ ಉಳದಿತ್ತು, ರಾತ್ರಿ ಮಟ." ಸಿಟ್ಟಿನಿಂದ ಹೇಳಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರು.

ತಪ್ಪಿಸಿದ ಎರಡು ಸರದಿ

2022ರ ಮಾರ್ಚ್‌ನಲ್ಲಿ ಪಕ್ಕದ ಊರಿನಲ್ಲಿ ಸೌಖ್ಯದ ಕೂಟ ನಡೆಯಿತು. ಯಾರೋ ಹಿತೈಷಿಗಳು ಟೀಚರಮ್ಮನನ್ನು ಕರೆದುಕೊಂಡು ಹೋದರು. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ಗುಣವಾಗಿದೆ, ನಂಬಿಕೆಯಿಂದ ಹೆಜ್ಜೆ ಇಡಿ ಅಂದರು. ಹೆಜ್ಜೆ ಅಂದರೆ ಏನು ಅಂತ ಬಿಡಿಸಿ ಹೇಳಲಿಲ್ಲ. ಟೀಚರಮ್ಮ ತಮಗೆ ತಿಳಿದ ಹಾಗೆ ತಿಳಿದುಕೊಂಡರು. ಶುಕ್ರವಾರದ ಸರದಿಗೆ ಹೋಗಲಿಲ್ಲ, ಮಂಗಳವಾರವೂ ಹೋಗಲಿಲ್ಲ. ಎರಡು ದಿನ ಲೋಟ ತುಂಬ ನೀರು ಕುಡಿದರು. ಎಂಟು ತಿಂಗಳ ನಂತರ ಲೋಟ ತುಂಬ!

ಬುಧವಾರ ರಾತ್ರಿ ಎರಡು ಗಂಟೆಗೆ ಅವರ ಗಂಡನ ಫೋನು. ನಾನು ಹೋದಾಗ ಟೀಚರಮ್ಮ ಮಂಚದ ಅಂಚಿನಲ್ಲಿ ಕೂತು, ಮುಂದಕ್ಕೆ ಬಾಗಿ, ಬಾಯಿಂದ ಉಸಿರೆಳೆಯುತ್ತಿದ್ದರು. ಮಲಗಿಸಲು ಆಗುತ್ತಿರಲಿಲ್ಲ. ಪುಪ್ಪುಸದಲ್ಲಿ ನೀರು ತುಂಬಿತ್ತು, ರಕ್ತದಲ್ಲಿ ಪೊಟ್ಯಾಶಿಯಂ ಏರಿತ್ತು. ಇನ್ನು ತಡಮಾಡಿದ್ದರೆ ಹೃದಯ ನಿಲ್ಲುತ್ತಿತ್ತು ಅಂತ ಆಮೇಲೆ ತಿಳಿಯಿತು. ರಾತ್ರೋರಾತ್ರಿ ಡಯಾಲಿಸಿಸ್ ಮಾಡಿ ಉಳಿಸಿದರು.

ಬೆಳಿಗ್ಗೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. ಗದರಿಸಲಿಲ್ಲ. "ನಿಮ್ಮ ಮಾತಿಗೆ ಬೆಲೆ ಇದೆ. ಒಂದು ಸರದಿನೂ ತಪ್ಪಿಸಬಾರದು ಅಂತ ನೀವೇ ಹೇಳಿ" ಅಂದರು.

ನನ್ನ ಮಟ್ಟಿಗೆ ಎಲ್ಲ ತಿರುಗಿದ್ದು ಇಲ್ಲಿಂದ. ಟೀಚರಮ್ಮನಿಗೆ ಒಳಗೊಳಗೇ ಹೇಳಿ ಸುಮ್ಮನಿರಬಹುದಿತ್ತು. ಆದರೆ ಅವರನ್ನು ಅಲ್ಲಿಗೆ ತಳ್ಳಿದ್ದು ಒಂದು ಕೂಟ ಮಾತ್ರ ಅಲ್ಲ. ನಂಬಿಕೆ ಗಟ್ಟಿ ಇದ್ದರೆ ಗುಣ ಆಗಲೇಬೇಕು ಅನ್ನುವ ಗಾಳಿ ನಮ್ಮ ಸಭೆಯೊಳಗೂ ಬೀಸುತ್ತಿತ್ತು, ನಾನು ಅದನ್ನು ತಡೆದಿರಲಿಲ್ಲ. ಆ ಭಾನುವಾರ ಪೀಠದಿಂದಲೇ ಹೇಳಿದೆ. ಯಾರ ಹೆಸರೂ ಎತ್ತಲಿಲ್ಲ. ಪೌಲ ತನ್ನ ಮೈಯಲ್ಲಿ ನಾಟಿದ್ದ ಶೂಲ ತೆಗೆದುಹಾಕು ಅಂತ ದೇವರನ್ನು ಮೂರು ಸಲ ಬೇಡಿಕೊಂಡ, ಅದು ಹೋಗಲಿಲ್ಲ. ಹಾಗಂತ ಪೌಲನಿಗೆ ನಂಬಿಕೆ ಇರಲಿಲ್ಲ ಅನ್ನುತ್ತೀರಾ? ಅದೇ ಪೌಲ ತಿಮೊಥೆಯನಿಗೆ, ಹೊಟ್ಟೆ ಸರಿಯಿಲ್ಲ, ಬರೀ ನೀರು ಬಿಟ್ಟು ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಬರೆದ. ಅವನ ಜೊತೆ ತಿರುಗಾಡಿದ ಲೂಕ ವೈದ್ಯ. ಡಯಾಲಿಸಿಸ್ ಮಶೀನಿಗೆ ಹೋಗುವುದು ದೇವರ ಮೇಲೆ ಅಪನಂಬಿಕೆ ಅಲ್ಲ, ಸರದಿ ತಪ್ಪಿಸಿ ಅಂತ ಯಾರಾದರೂ ಹೇಳಿದರೆ ಅದು ದೇವರ ಮಾತಲ್ಲ ಅಂತ ಬಿಡಿಸಿ ಹೇಳಿದೆ.

ಒಂದು ಕುಟುಂಬ ಆವತ್ತಿನಿಂದ ಸಭೆ ಬಿಟ್ಟಿತು. ನನಗೆ ಅದು ಇವತ್ತಿಗೂ ನೋವು. ಆದರೂ ಮತ್ತೆ ಹೇಳಬೇಕಾಗಿ ಬಂದರೆ ಅದನ್ನೇ ಹೇಳುತ್ತೇನೆ.

ಏನು ಮಾಡಿ ನೋಡಿದೆವು

ಮೊದಲನೆಯದು, ಗಾಡಿ. ಹಿರಿಯರ ಕೂಟದಲ್ಲಿ ಉಪವಾಸ ಪ್ರಾರ್ಥನೆ ಇಡೋಣ ಅಂತ ಮಾತು ಬಂತು. ಇಡೋಣ, ಜೊತೆಗೆ ಬೆಳಿಗ್ಗೆ ಐದಕ್ಕೆ ಅವರನ್ನು ಯಾರು ಕರೆದೊಯ್ಯುತ್ತಾರೆ ಅದನ್ನೂ ಬರೆದುಕೊಳ್ಳೋಣ ಅಂದೆ. ನಾಲ್ಕು ಮನೆಯವರು ಹೆಸರು ಕೊಟ್ಟರು. ಗಂಡನಿಗೆ ವಾರಕ್ಕೆ ಎರಡು ದಿನ ರಜೆ ಹಾಕುವುದು ತಪ್ಪಿತು. ಇದು ಸಣ್ಣ ವಿಷಯ ಅನಿಸಬಹುದು. ಆ ಮನೆಯಲ್ಲಿ ಮೊದಲ ಸಲ ಉಸಿರಾಡಲು ಜಾಗ ಸಿಕ್ಕಿದ್ದು ಇದರಿಂದಲೇ.

ಎರಡನೆಯದು ನನಗೆ ಬಹಳ ಕಷ್ಟವಾದದ್ದು: ಸುಮ್ನೆ ಕೂರುವುದು. ಸತ್ಯವೇದದಲ್ಲಿ ಎಲ್ಲ ಕಳೆದುಕೊಂಡು ನರಳಿದ ಯೋಬನ ಗೆಳೆಯರನ್ನು ನಾವು ಯಾವಾಗಲೂ ಬೈಯುತ್ತೇವೆ, ಅಲ್ವಾ? ಅವರು ಮೊದಲು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು, ಒಂದು ಮಾತೂ ಆಡಲಿಲ್ಲ. ಅವರು ಮಾಡಿದ ಒಳ್ಳೆಯ ಕೆಲಸ ಅದು. ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು. ಕೊನೆಗೆ ದೇವರೇ ಅವರಿಗೆ, ನನ್ನ ವಿಷಯದಲ್ಲಿ ಯೋಬ ಆಡಿದ ಹಾಗೆ ನೀವು ಸರಿಯಾಗಿ ಆಡಲಿಲ್ಲ ಅಂದ. ದೇವರ ಪರ ವಾದ ಮಾಡಿದವರಿಗೆ ಆ ಮಾತು. ದೇವರ ಜೊತೆಗೇ ಜಗಳಕ್ಕೆ ನಿಂತವನಿಗೆ ಮೆಚ್ಚುಗೆ. ಈ ಭಾಗದ ಮೇಲೆ ನಾನು ಎಷ್ಟೋ ಸಲ ಪ್ರಸಂಗ ಮಾಡಿದ್ದೆ. ಅದರ ಅರ್ಥ ಡಯಾಲಿಸಿಸ್ ಕೋಣೆಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಾಗ ತಿಳಿಯಿತು.

ತಿಂಗಳಿಗೆ ಎರಡು ಶುಕ್ರವಾರ ಹೋಗುತ್ತಿದ್ದೆ. ಮಶೀನು ತಿರುಗುತ್ತಾ ಇರುತ್ತದೆ, ಕೆಂಪು ಕೊಳವೆಗಳು, ಆಗಾಗ ಕೂಗುವ ಅಲಾರಂ. ಎಸಿ ಚಳಿಗೆ ಎಲ್ಲರೂ ಕಂಬಳಿ ಹೊದ್ದಿರುತ್ತಾರೆ. ಮಾತಾಡಬೇಕು ಅನಿಸಿದರೆ ಟೀಚರಮ್ಮ ಮಾತಾಡುತ್ತಿದ್ದರು. ಇಲ್ಲದಿದ್ದರೆ ಇಲ್ಲ.

ಜೂನ್‌ನಲ್ಲಿ ಒಂದು ದಿನ ಅವರೇ ಕೇಳಿದರು. "ದೇವರ ಮ್ಯಾಲೆ ಸಿಟ್ಟು ಬಂದ್ರ ಪಾಪ ಆಗ್ತದೇನ್ರಿ?" ನಾನು ಉತ್ತರ ಹೇಳದೆ 88ನೆಯ ಕೀರ್ತನೆ ಓದಿದೆ. ಬಹಳಷ್ಟು ಕೀರ್ತನೆಗಳು ಅಳುವಿನಿಂದ ಶುರುವಾದರೂ ಕೊನೆಗೆ ಸ್ತೋತ್ರಕ್ಕೆ ಬಂದು ನಿಲ್ಲುತ್ತವೆ. ಇದು ಹಾಗಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ. ಓದಿ ಪುಸ್ತಕ ಮುಚ್ಚಿದೆ. ಅದಕ್ಕೊಂದು ಸಮಾಧಾನದ ಬಾಲ ಕಟ್ಟಲು ಬಾಯಿ ತುದಿಯವರೆಗೆ ಬಂದಿತ್ತು, ನುಂಗಿಕೊಂಡೆ.

ಅವರು ಬಹಳ ಹೊತ್ತು ಸುಮ್ಮನಿದ್ದರು. "ಇದು ಸತ್ಯವೇದದಾಗ ಐತೇನ್ರಿ? ಹದಿನೆಂಟು ವರ್ಷ ಕಲಿಸೀನಿ. ಇದನ್ನ ಯಾರಿಗೂ ಹೇಳಿಕೊಟ್ಟಿಲ್ಲ ನೋಡ್ರಿ."

ಆವತ್ತಿನಿಂದ ಅವರ ನೋಟುಬುಕ್ಕು ಬದಲಾಯಿತು. ಡಯಾಲಿಸಿಸ್ ರೋಗಿಗಳು ಲೆಕ್ಕ ಇಡಲೇಬೇಕು: ಸರದಿಗೆ ಮುಂಚಿನ ತೂಕ, ನಂತರದ ತೂಕ, ಕುಡಿದ ನೀರು. ಎಡಪುಟದಲ್ಲಿ ಆ ಲೆಕ್ಕ. ಬಲಪುಟದಲ್ಲಿ ದೇವರಿಗೆ ಒಂದೆರಡು ಸಾಲು. ಒಂದು ಪುಟ ನನಗೆ ತೋರಿಸಿದರು. ಎಡಕ್ಕೆ "3.2 ಕೆಜಿ ಜಾಸ್ತಿ" ಅಂತ ಇತ್ತು. ಬಲಕ್ಕೆ "ಎಷ್ಟರವರೆಗೆ?" ಅಂತ ನಾಲ್ಕು ಸಲ. 13ನೆಯ ಕೀರ್ತನೆಯಲ್ಲಿ ದಾವೀದ ಕೇಳುವುದೂ ನಾಲ್ಕೇ ಸಲ.

ಸೆಪ್ಟೆಂಬರ್‌ಗೆ ಅವರು ಮತ್ತೆ ಆರಾಧನೆಗೆ ಬರತೊಡಗಿದರು. ಹಿಂದಿನ ಸಾಲಿನಲ್ಲಿ, ಬಾಗಿಲ ಹತ್ತಿರ. ನಾನು ಬನ್ನಿ ಅಂತ ಕರೆದಿರಲಿಲ್ಲ.

ಐದನೆಯ ಮಾತು

ಶುಭ ಶುಕ್ರವಾರ ನಮ್ಮಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಆರಾಧನೆ. ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಮೇಲೆ ಏಳು ಜನ ಮಾತಾಡುತ್ತಾರೆ. 2023ರಲ್ಲಿ ಅದು ಏಪ್ರಿಲ್ 7ಕ್ಕೆ ಬಂತು. ಹಿರಿಯರು, ಟೀಚರಮ್ಮ ಸಾಕ್ಷಿ ಹೇಳಲಿ ಅಂದರು. ನಾನು ಒಪ್ಪಲಿಲ್ಲ. ನಮ್ಮಲ್ಲಿ ಸಾಕ್ಷಿಗೆ ಒಂದು ಅಚ್ಚು ಇದೆ: ಕಷ್ಟ ಬಂತು, ಪ್ರಾರ್ಥಿಸಿದೆವು, ದೇವರು ಬಿಡಿಸಿದ. ಬಿಡುಗಡೆ ಆಗದವರು ಆ ಅಚ್ಚಿನಲ್ಲಿ ಕೂರಲು ಹೋದರೆ ಸುಳ್ಳು ಹೇಳಬೇಕಾಗುತ್ತದೆ. ಅದರ ಬದಲು ಏಳರಲ್ಲಿ ಒಂದು ಮಾತು ತಗೊಳ್ಳುತ್ತೀರಾ, ಬೇಡ ಅಂದರೂ ಸರಿ ಅಂತ ಕೇಳಿದೆ.

ನಾಲ್ಕನೆಯದನ್ನು ಆರಿಸುತ್ತಾರೆ ಅಂದುಕೊಂಡಿದ್ದೆ, ನನ್ನನ್ನು ಯಾಕೆ ಕೈಬಿಟ್ಟೆ ಅನ್ನುವ ಮಾತು. ಅವರು ಐದನೆಯದನ್ನು ಕೇಳಿದರು. "ನನಗೆ ನೀರಡಿಕೆಯಾಗಿದೆ."

ಆವತ್ತು ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಶೀನಿನಲ್ಲಿದ್ದು, ಅಲ್ಲಿಂದ ನೇರ ಬಂದರು. ಎಡಗೈಗೆ ಸೂಜಿ ತೆಗೆದ ಜಾಗದಲ್ಲಿ ಪಟ್ಟಿ. ಡಯಾಲಿಸಿಸ್ ಮುಗಿದ ದಿನವೇ ಬಾಯಾರಿಕೆ ಜಾಸ್ತಿ. ಪೀಠಕ್ಕೆ ಹತ್ತಲಿಲ್ಲ, ಕುರ್ಚಿ ಹಾಕಿಸಿಕೊಂಡು ಕೂತೇ ಮಾತಾಡಿದರು. ಐದಾರು ನಿಮಿಷ. ನನಗೆ ನೆನಪಿರುವಷ್ಟು ಬರೆಯುತ್ತೇನೆ.

ಈ ಮಾತನ್ನು ಸಂಡೇ ಸ್ಕೂಲಿನಲ್ಲಿ ಎಷ್ಟೋ ಸಲ ಬಾಯಿಪಾಠ ಮಾಡಿಸಿದ್ದೆ, ಇದರಲ್ಲೇನೂ ದೊಡ್ಡದು ಕಂಡಿರಲಿಲ್ಲ ಅಂದರು. ಮೊದಲನೆಯ ಮಾತಿನಲ್ಲಿ ಕ್ಷಮೆ ಇದೆ, ಎರಡನೆಯದರಲ್ಲಿ ಪರದೈಸು ಇದೆ. ಇದರಲ್ಲಿ ಬರೀ ಮೈ ಇದೆ. "ಕರ್ತ ಇಲ್ಲಿ ಏನೂ ಕಲಸಾಕತ್ತಿಲ್ಲ. ನೀರು ಕೇಳಾಕತ್ತಾನ." ಸಮಾರ್ಯದ ಹೆಂಗಸಿಗೆ, ನಾನು ಕೊಡುವ ನೀರು ಕುಡಿದವರಿಗೆ ಮತ್ತೆ ನೀರಡಿಕೆ ಆಗಲ್ಲ ಅಂದವನು ಇವನೇ. ಅವಳ ಹತ್ತಿರವೂ ಮೊದಲು ಕೇಳಿದ್ದು ಒಂದು ಗುಟುಕು ನೀರೇ.

ಆಮೇಲೆ ಸ್ಪಂಜಿನ ವಿಷಯಕ್ಕೆ ಬಂದರು. ಅಲ್ಲಿ ನಿಂತವರಲ್ಲಿ ಒಬ್ಬ ಹುಳಿರಸದಲ್ಲಿ ಸ್ಪಂಜು ತೊಯಿಸಿ ಕೋಲಿಗೆ ಸಿಕ್ಕಿಸಿ ಬಾಯಿಗೆ ಮುಟ್ಟಿಸಿದ. "ಹುಳಿ ಯಾಕಂತ ನನಗ ಗೊತ್ತೈತಿ. ಲಿಂಬಿಹೋಳು ನೆಕ್ಕಿದ್ರ ಬಾಯಾಗ ನೀರು ಬರ್ತಾವ. ನಾವು ಡಯಾಲಿಸಿಸ್‌ದವ್ರು ದಿನಾ ಅದನ್ನ ಮಾಡ್ತೀವಿ." ಆ ಮನುಷ್ಯನ ಹೆಸರು ಬರೆದಿಲ್ಲ. ಅವನು ಮೊಳೆ ಕೀಳಲಿಲ್ಲ, ಶಿಲುಬೆಯಿಂದ ಇಳಿಸಲಿಲ್ಲ. ಅದು ಅವನ ಕೈಯಲ್ಲಿ ಇರಲೂ ಇಲ್ಲ. ತುಟಿ ತೊಯಿಸಿದ. "ನನಗ ಬ್ಯಾನಿ ಯಾಕ ಬಂತು ಅಂತ ನನಗ ಗೊತ್ತಿಲ್ಲ. ಗೊತ್ತಾಗೂದೂ ಬ್ಯಾಡ ಈಗ. ಆ ಸ್ಪಂಜು ಹಿಡಿಯೂದು ನನ್ನ ಕೈಲೆ ಆಗ್ತದ."

ಲೂಕನ ಸುವಾರ್ತೆಯಲ್ಲಿ ಸಿಪಾಯಿಗಳು ಹುಳಿರಸ ಕೊಟ್ಟದ್ದು ಅಣಕಕ್ಕೆ ಅಂತ ಇದೆ. ಆ ಕೋಲು ಹಿಡಿದವನ ಮನಸ್ಸಿನಲ್ಲಿ ಏನಿತ್ತು ಅನ್ನುವುದು ಓದಿದವರ ಚರ್ಚೆ. ನಾನು ಆವತ್ತು ಆ ಚರ್ಚೆ ಎತ್ತಲಿಲ್ಲ, ಎತ್ತಬೇಕು ಅನಿಸಲೂ ಇಲ್ಲ. ಎರಡು ವರ್ಷ ನೀರನ್ನು ಎಂಎಲ್‌ನಲ್ಲಿ ಅಳೆದು ಬದುಕಿದವರು ಆ ಸ್ಪಂಜನ್ನು ನೋಡಿದ ಹಾಗೆ ನಾನು ಯಾವತ್ತೂ ನೋಡಿರಲಿಲ್ಲ.

ಮುಂದೆ ನಡೆದದ್ದು

ಬೇಸಿಗೆ ಮುಗಿಯುವ ಹೊತ್ತಿಗೆ ಟೀಚರಮ್ಮನ ಕೈಯಲ್ಲಿ ಒಂದು ಸಣ್ಣ ಫ್ಲಾಸ್ಕು ಬಂದಿತ್ತು. ಒಳಗೆ ಐಸ್ ತುಂಡುಗಳು. ಒಂದೊಂದು ತುಂಡಿಗೆ 15 ಎಂಎಲ್ ನೀರು ಅಳೆದು ಹಾಕಿ ಫ್ರಿಜ್ಜಿನಲ್ಲಿ ಗಟ್ಟಿ ಮಾಡಿದ್ದು. ಒಂದು ಗುಟುಕು ನೀರು ಗಂಟಲಲ್ಲಿ ಇಳಿದು ಮರೆತುಹೋಗುತ್ತದೆ. ಅಷ್ಟೇ ನೀರಿನ ಐಸು ಬಾಯಲ್ಲಿ ಬಹಳ ಹೊತ್ತು ಇರುತ್ತದೆ. ಹೊಸದಾಗಿ ಡಯಾಲಿಸಿಸ್‌ಗೆ ಬಂದವರಿಗೆ ಇದನ್ನು ಹೇಳಿಕೊಡತೊಡಗಿದರು. ಪಲ್ಯ ಹೆಚ್ಚಿ ಕುದಿಸಿ ಆ ನೀರು ಚೆಲ್ಲಿ ಆಮೇಲೆ ಒಗ್ಗರಣೆ ಹಾಕಿ, ಪೊಟ್ಯಾಶಿಯಂ ಕಡಿಮೆ ಆಗುತ್ತದೆ. ಎಳನೀರು ಒಳ್ಳೆಯದು ಅಂತ ಯಾರಾದರೂ ತಂದರೆ ಕೈಮುಗಿದು ವಾಪಸ್ ಕೊಡಿ. ಫಿಸ್ಟುಲಾ ಇರುವ ಕೈಯಲ್ಲಿ ಬಿಪಿ ನೋಡಿಸಿಕೊಳ್ಳಬೇಡಿ, ಆ ಕೈಯಲ್ಲಿ ಕೊಡ ಎತ್ತಬೇಡಿ.

ನರ್ಸುಗಳು ಹೊಸಬರನ್ನು ಇವರ ಪಕ್ಕದ ಹಾಸಿಗೆಗೇ ಹಾಕತೊಡಗಿದರು. ನಮ್ಮ ಮಹಿಳಾ ಕೂಟದವರು ಆ ಕೋಣೆಗೆ ಹತ್ತು ಕಂಬಳಿ ಕೊಟ್ಟರು. ಟೀಚರಮ್ಮ ಅಲ್ಲಿ ಧರ್ಮದ ಮಾತು ಎತ್ತುವುದಿಲ್ಲ. ಯಾರಾದರೂ ಕೇಳಿದರೆ ಸ್ಪಂಜಿನ ಕಥೆ ಹೇಳುತ್ತಾರೆ.

ಪಕ್ಕದ ಹಾಸಿಗೆಗೆ ಬಂದವರಲ್ಲಿ ಒಬ್ಬ ಹುಡುಗ, ಇಪ್ಪತ್ತರ ಹರೆಯ. ಬೇರೆ ಧರ್ಮದ ಮನೆಯವನು. ಟೀಚರಮ್ಮನನ್ನು ಅಕ್ಕ ಅನ್ನುತ್ತಿದ್ದ. ಮೊಬೈಲಿನಲ್ಲಿ ಕ್ರಿಕೆಟ್ ತೋರಿಸುತ್ತಿದ್ದ. ನವೆಂಬರ್‌ನಲ್ಲಿ ಸೋಂಕು ತಗುಲಿ ಒಂದೇ ವಾರದಲ್ಲಿ ತೀರಿಕೊಂಡ.

ಟೀಚರಮ್ಮ ಮತ್ತೆ ಬಾಗಿಲು ಹಾಕಿಕೊಂಡರು. ಫ್ಲಾಸ್ಕು ಅಡುಗೆಮನೆಯ ಮೂಲೆ ಸೇರಿತು. ಮೂರು ವಾರ ಸರದಿಗೆ ಹೋಗಿ ಮುಖ ಗೋಡೆಗೆ ತಿರುಗಿಸಿ ಮಲಗಿ ಬಂದರು. ನಾನು ಹೋದಾಗ, "ಇದಕ್ಕ ನಾನು ಬದುಕೀನಿ ಅಂದುಕೊಂಡಿದ್ದೆ ಅಯ್ಯನೋರ. ಅದೂ ಹೋತು" ಅಂದರು.

ಮೊದಲಿನ ಅದೇ ವಾಕ್ಯ ನನ್ನ ನಾಲಿಗೆಯ ಮೇಲೆ ಮತ್ತೆ ಬಂದು ನಿಂತಿತ್ತು. ಇದರಲ್ಲೂ ಏನೋ ಉದ್ದೇಶ ಇದೆ ಅಂತ. ಅಷ್ಟೆಲ್ಲ ಕಂಡ ಮೇಲೂ ಬಂತು. ಇದನ್ನು ಓದುವ ಸಭಾಪಾಲಕರಿಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಇದೇ: ಆ ಮಾತು ಬರುವುದು ರೋಗಿಯ ಸಲುವಾಗಿ ಅಲ್ಲ. ಅವರ ಕಣ್ಣೀರಿನ ಮುಂದೆ ಬರಿಗೈಲಿ ಕೂರುವುದು ನಮಗೆ ಆಗುವುದಿಲ್ಲ, ಅದಕ್ಕೆ ಬರುತ್ತದೆ. ಲಾಜರನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದ ಯೇಸುವೇ ಸಮಾಧಿಗೆ ಹೋಗುವ ದಾರಿಯಲ್ಲಿ ಮೊದಲು ಅತ್ತ. ಏನಾಗುತ್ತದೆ ಅಂತ ಗೊತ್ತಿಲ್ಲದ ನಮಗೆ ಎಷ್ಟು ಅವಸರ ನೋಡಿ.

ಆವತ್ತು ನಾನು ಹೇಳಿದ್ದು ಇಷ್ಟೇ: "ಆ ಹುಡುಗನ ಮನೆಗೆ ಹೋಗೋಣೇನ್ರಿ?"

ಡಿಸೆಂಬರ್ ಮೊದಲ ವಾರ ಹೋದೆವು. ಹುಡುಗನ ತಾಯಿ ಮೊದಲು ಯಾರು ಅಂತ ಗುರುತು ಹಿಡಿಯಲಿಲ್ಲ. ಟೀಚರಮ್ಮ ಎಡತೋಳು ಮೇಲೆತ್ತಿ ಫಿಸ್ಟುಲಾ ತೋರಿಸಿದರು. ಆ ತಾಯಿ ಹತ್ತಿರ ಬಂದು ಆ ಉಬ್ಬಿದ ನಾಳದ ಮೇಲೆ ಕೈಯಿಟ್ಟರು. ಮಗನ ಕೈಯನ್ನು ದಿನಾ ಹಾಗೇ ಮುಟ್ಟಿ ನೋಡುತ್ತಿದ್ದರಂತೆ, ಓಡುತ್ತಿದೆಯಾ ಅಂತ. ಕೈ ತೆಗೆಯಲಿಲ್ಲ. ಹಾಗೇ ಕೂತರು ಇಬ್ಬರೂ.

ಸ್ವಲ್ಪ ಹೊತ್ತಾದ ಮೇಲೆ ಚಹಾ ಬಂತು. ಟೀಚರಮ್ಮ ಬೇಡ ಅನ್ನಬಹುದಿತ್ತು, ಆ ಮನೆಯವರಿಗೆ ಅದು ಅರ್ಥವೂ ಆಗುತ್ತಿತ್ತು. ಕಪ್ಪು ತಗೊಂಡು ಎರಡು ಗುಟುಕು ಕುಡಿದರು. ವಾಪಸ್ ಬರುವಾಗ ಗಾಡಿಯಲ್ಲಿ ನೋಟುಬುಕ್ಕು ತೆಗೆದು ಎಡಪುಟದಲ್ಲಿ 30 ಎಂಎಲ್ ಅಂತ ಬರೆದುಕೊಂಡರು. ಮುಂದಿನ ಮಂಗಳವಾರ ಫ್ಲಾಸ್ಕು ಮತ್ತೆ ಅವರ ಚೀಲದಲ್ಲಿತ್ತು.

ಪೆನ್ಸಿಲ್ ಗೆರೆಗಳು

ಮೊದಲ ಗೆರೆ ಬಿದ್ದದ್ದು ಕರಡಿನ ಮೊದಲ ಪುಟದಲ್ಲೇ. "ತಮ್ಮ ರೋಗದಲ್ಲಿ ದೇವರ ಉದ್ದೇಶವನ್ನು ಕಂಡುಕೊಂಡರು" ಅಂತ ನಾನು ಬರೆದಿದ್ದೆ. ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ಹೀಗೆ ಬರೆದರು: "ದೇವರು ನನ್ನ ಕಿಡ್ನಿ ಕೆಡಿಸಿಲ್ಲ. ಕೆಟ್ಟ ಮೇಲೆ ಬಂದು ಕೂತ."

ಈ ಎರಡು ಸಾಲಿನ ಮೇಲೆ ನಾನು ತಿಂಗಳುಗಟ್ಟಲೆ ಯೋಚಿಸಿದೆ. ನಾವು ಕಾರಣವನ್ನೂ ಉದ್ದೇಶವನ್ನೂ ಒಂದೇ ಮಾಡಿಬಿಡುತ್ತೇವೆ. ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳಿದ್ದು ಕಾರಣ: ಯಾರ ಪಾಪ, ಇವನದೋ, ಇವನ ತಂದೆತಾಯಿಯದೋ? ಯೇಸು ಯಾರ ಪಾಪವೂ ಅಲ್ಲ ಅಂದ, ಆ ಕೂಡಲೇ ಬಗ್ಗಿ ಮಣ್ಣು ಕಲಸಿದ. ಹಿಂದಕ್ಕೆ ನೋಡುವ ಪ್ರಶ್ನೆಯನ್ನು ಮುಂದಕ್ಕೆ ತಿರುಗಿಸಿದ. ಟೀಚರಮ್ಮನಿಗೆ ಆದದ್ದೂ ಅದೇ. ಯಾಕೆ ಬಂತು ಅನ್ನುವುದಕ್ಕೆ ಉತ್ತರ ಸಿಗಲಿಲ್ಲ. ಇದನ್ನು ಇಟ್ಟುಕೊಂಡು ಯಾರ ಪಕ್ಕ ಕೂರಲಿ ಅನ್ನುವುದಕ್ಕೆ ಸಿಕ್ಕಿತು. ನಮಗೆ ಬಂದ ಸಂತೈಸುವಿಕೆಯಿಂದಲೇ ಇನ್ನೊಬ್ಬರನ್ನು ಸಂತೈಸುತ್ತೇವೆ ಅಂತ ಕೊರಿಂಥದವರಿಗೆ ಪೌಲ ಬರೆದದ್ದು ಇದನ್ನೇ ಅಂತ ಈಗ ಓದುತ್ತೇನೆ.

ಅದು ಸಿಕ್ಕಿದ್ದು ನಾನು ಹೇಳಿಕೊಟ್ಟದ್ದರಿಂದ ಅಲ್ಲ. ನಾನು ಹೇಳಿದ್ದು 2021ರಲ್ಲಿ, ಆಗ ಅವರು ಸಭೆಯನ್ನೇ ಬಿಟ್ಟರು. 2023ರಲ್ಲಿ ಹೆಚ್ಚುಕಡಿಮೆ ಅದೇ ಸತ್ಯವನ್ನು ಅವರೇ ಕುರ್ಚಿಯ ಮೇಲೆ ಕೂತು ನಮಗೆ ಹೇಳಿದರು. ನಡುವೆ ಇದ್ದದ್ದು ಗಾಡಿಯ ಸರದಿ, 88ನೆಯ ಕೀರ್ತನೆ, ಸಿಟ್ಟು ಮಾಡಿಕೊಳ್ಳಲು ಸಿಕ್ಕ ಒಂದು ವರ್ಷ. ಆ ವರ್ಷವನ್ನು ಯಾರೂ ಕತ್ತರಿಸಿ ಚಿಕ್ಕದು ಮಾಡಬಾರದು.

ಒಂದು ಎಚ್ಚರಿಕೆಯ ಮಾತೂ ಇದೆ. ಟೀಚರಮ್ಮನ ಹಾಗೆ ಎಲ್ಲರೂ ಫ್ಲಾಸ್ಕು ಹಿಡಿಯುವುದಿಲ್ಲ, ಹಿಡಿಯಬೇಕಾಗಿಯೂ ಇಲ್ಲ. ಇದೇ ಸಭೆಯಲ್ಲಿ ಇನ್ನೊಬ್ಬ ಹಿರಿಯರು ಪಾರ್ಶ್ವವಾಯು ಆಗಿ ನಾಲ್ಕು ವರ್ಷದಿಂದ ಮಲಗಿದ್ದಾರೆ, ಮಾತೂ ಹೋಗಿದೆ. ಅವರ ಕಷ್ಟದಿಂದ ಯಾರಿಗೆ ಏನು ಉಪಯೋಗ ಅಂತ ಲೆಕ್ಕ ಹಾಕಲು ಹೊರಟರೆ ನಾವು ಕರ್ತನಿಂದ ಬಹಳ ದೂರ ಹೋದ ಹಾಗೆ. ಅವರ ಹತ್ತಿರ ಹೋದಾಗ ನಾನು ತುಟಿ ತೊಯಿಸಿ ಬರುತ್ತೇನೆ. ಹತ್ತಿಯಿಂದ, ನಿಜವಾಗಿ.

ಟೀಚರಮ್ಮ ಇನ್ನೂ ಡಯಾಲಿಸಿಸ್‌ನಲ್ಲೇ ಇದ್ದಾರೆ. ಗಂಡನಿಗೆ ಸಕ್ಕರೆ ಕಾಯಿಲೆ, ಕಿಡ್ನಿ ಕೊಡಲು ಆಗಲಿಲ್ಲ. ರಾಜ್ಯದಲ್ಲಿ ಅಂಗದಾನ ನೋಡಿಕೊಳ್ಳುವ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರಿದೆ, ಕಾಯುತ್ತಿದ್ದಾರೆ. ಶಾಲೆಗೆ ವಾರಕ್ಕೆ ನಾಲ್ಕು ದಿನ ಹೋಗುತ್ತಾರೆ. ಸಂಡೇ ಸ್ಕೂಲಿನ ದೊಡ್ಡ ಮಕ್ಕಳಿಗೆ ಈ ವರ್ಷ 88ನೆಯ ಕೀರ್ತನೆ ಪಾಠ ಮಾಡಿದರು.

ಎರಡನೆಯ ಗೆರೆ ಕರಡಿನ ಕೊನೆಯ ಸಾಲಿನ ಮೇಲಿತ್ತು. "ಈಗ ಅವರಿಗೆ ಸಮಾಧಾನ ಸಿಕ್ಕಿದೆ" ಅಂತ ಮುಗಿಸಿದ್ದೆ. "ಈಗ" ಅನ್ನುವ ಪದಕ್ಕೆ ಗೆರೆ ಹೊಡೆದು, ಅದರ ಮೇಲೆ ಸಣ್ಣ ಅಕ್ಷರದಲ್ಲಿ "ಕೆಲವು ದಿನ" ಅಂತ ಬರೆದಿದ್ದರು.